ಕ್ರಿಯಾಪದದ ಬೆನ್ನಿಗೆ ಯಾವ ಪ್ರಿಪೊಸಿಷನ್? ಇಂಗ್ಲಿಷ್ ವ್ಯಾಕರಣದ ಒಂದು ಹುಡುಕಾಟದ ಹಾದಿ

'ಡಿಸ್ಕಸ್ ಅಬೌಟ್ ದ ಮ್ಯಾಟರ್' ಎಂದು ಬರೆದರೆ ಮೇಷ್ಟರು 'ಅಬೌಟ್' ಹೊಡೆದುಹಾಕುತ್ತಾರೆ. 'ಲಿಸನ್ ದ ಸಾಂಗ್' ಎಂದು ಬರೆದರೆ ನಡುವೆ 'ಟು' ಸೇರಿಸುತ್ತಾರೆ. ಒಂದು ಕಡೆ ಇದ್ದದ್ದು ತಪ್ಪು, ಇನ್ನೊಂದು ಕಡೆ ಇಲ್ಲದ್ದು ತಪ್ಪು. ಏಕೆ ಎಂದು ಕೇಳಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: ಇಂಗ್ಲಿಷಿನಲ್ಲಿ ಅದು ಹಾಗೇ, ಬಾಯಿಪಾಠ ಮಾಡಿಕೊಳ್ಳಿ. ಈ ಉತ್ತರ ಹಳೆಯದು. ಅದಕ್ಕೆ ತೃಪ್ತರಾಗದೆ ಮುಂದೆ ಹೋದವರ ಪರಂಪರೆಯೊಂದೂ ಇದೆ. ಇಂಗ್ಲಿಷನ್ನು ಪರಭಾಷಿಕರಿಗೆ ಕಲಿಸಲು ಹೊರಟವರೇ ಅದರಲ್ಲಿ ಮುಂದಾಳುಗಳು ಎಂಬುದು ಗಮನಿಸಬೇಕಾದ ಸಂಗತಿ. ಕಲಿಯುವವರ ತೊಡಕೇ ಈ ಶಾಸ್ತ್ರವನ್ನು ಬೆಳೆಸಿತು.

ವಿಭಕ್ತಿ ಸವೆದ ಮೇಲೆ

ಕ್ರಿಯಾಪದ ತನಗೆ ಬೇಕಾದ ವಿಭಕ್ತಿಯನ್ನು ಕೇಳಿ ಪಡೆಯುವುದು ನಮಗೆ ಹೊಸದಲ್ಲ. ಕನ್ನಡದಲ್ಲಿ ಹಾವಿಗೆ ಹೆದರುತ್ತೇವೆ, ಗೆಳೆಯನನ್ನು ನಂಬುತ್ತೇವೆ. ಸಂಸ್ಕೃತದಲ್ಲಿ ಭಯಕ್ಕೆ ಕಾರಣವಾದದ್ದು ಪಂಚಮಿಯಲ್ಲಿ ಬರುತ್ತದೆ. ಪಾಣಿನಿ ಅದಕ್ಕೆಂದೇ ಒಂದು ಸೂತ್ರ ಬರೆದಿದ್ದಾನೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷೂ ಇಂಥದೇ ಭಾಷೆಯಾಗಿತ್ತು. ಕೃತಜ್ಞತೆ ಹೇಳುವಾಗ ವ್ಯಕ್ತಿ ಚತುರ್ಥಿಯಲ್ಲಿ, ಯಾವುದಕ್ಕಾಗಿ ಕೃತಜ್ಞತೆಯೋ ಅದು ಷಷ್ಠಿಯಲ್ಲಿ ಇರುತ್ತಿತ್ತು. ಮುಂದಿನ ಕೆಲವು ಶತಮಾನಗಳಲ್ಲಿ ಪದದ ಕೊನೆಯ ಸ್ವರಗಳು ಕ್ಷೀಣಿಸಿ ಪ್ರತ್ಯಯಗಳು ಒಂದರೊಳಗೊಂದು ಬೆರೆತು ಅಳಿದವು. ಅವುಗಳ ಕೆಲಸವನ್ನು ಆಫ್, ಟು, ಫಾರ್, ವಿತ್‌ಗಳು ವಹಿಸಿಕೊಂಡವು. ಇಂದಿನ 'ಥ್ಯಾಂಕ್ ಯೂ ಫಾರ್ ದ ಬುಕ್' ಎಂಬಲ್ಲಿನ 'ಫಾರ್' ಆ ಹಳೆಯ ಷಷ್ಠಿಯ ಜಾಗದಲ್ಲಿ ನಿಂತಿದೆ.

1066ರ ನಾರ್ಮನ್ ದಂಡಯಾತ್ರೆಯ ನಂತರ ಫ್ರೆಂಚ್ ಮತ್ತು ಲ್ಯಾಟಿನ್ ಮೂಲದ ಕ್ರಿಯಾಪದಗಳು ಹಿಂಡುಹಿಂಡಾಗಿ ಬಂದವು. ಡಿಪೆಂಡ್, ಕನ್ಸಿಸ್ಟ್, ಡಿಸ್ಕಸ್ ಎಲ್ಲವೂ ಹೊರಗಿನಿಂದ ಬಂದವೇ. ಹೊಸಬರು ಹಳಬರ ನಡುವೆ ಹೊಂದಿಕೊಳ್ಳಲು ಕಾಲ ಹಿಡಿಯಿತು. ಇಂದು ಅಡ್ಡಾದಿಡ್ಡಿಯಾಗಿ ಕಾಣುವ ಬಳಕೆಯಲ್ಲಿ ಹೀಗೆ ಬೇರೆಬೇರೆ ಕಾಲದ ಪದರಗಳಿವೆ.

ತಿದ್ದುವವರ ಕಾಲ

ಇಂಗ್ಲೆಂಡಿನಲ್ಲಿ ಪ್ರಿಪೊಸಿಷನ್ ಮೊದಲು ಚರ್ಚೆಗೆ ಬಂದದ್ದು ಶಿಷ್ಟತೆಯ ಪ್ರಶ್ನೆಯಾಗಿ. ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಇಡುವುದು ದೋಷವೆಂದು ಕವಿ ಡ್ರೈಡನ್ 1672ರಲ್ಲಿ ಬೆನ್ ಜಾನ್ಸನ್‌ನ ಬರಹವನ್ನು ಟೀಕಿಸಿದ. ರಾಬರ್ಟ್ ಲೌತ್ 1762ರ ತನ್ನ ವ್ಯಾಕರಣದಲ್ಲಿ ದೊಡ್ಡ ಲೇಖಕರ ವಾಕ್ಯಗಳನ್ನೇ ಅಡಿಟಿಪ್ಪಣಿಗೆ ತಂದು ತಪ್ಪು ತೋರಿಸಿದ. ಇವರ ನಡುವೆ ಸ್ಯಾಮ್ಯುಯೆಲ್ ಜಾನ್ಸನ್‌ನ ದೃಷ್ಟಿ ಬೇರೆಯಾಗಿತ್ತು. ಕ್ರಿಯಾಪದದ ಬೆನ್ನಿಗೆ ಒಂದು ಪುಟ್ಟ ಪದ ಸೇರಿದೊಡನೆ ಅರ್ಥವೇ ಬದಲಾಗುವುದು ಪರದೇಶಿಗಳಿಗೆ ಎಲ್ಲಕ್ಕಿಂತ ಕಷ್ಟದ ಭಾಗ ಎಂದು ಅವನು 1755ರ ನಿಘಂಟಿನ ಮುನ್ನುಡಿಯಲ್ಲಿ ಗುರುತಿಸಿದ, ಅಂಥ ಜೋಡಿಗಳನ್ನು ಶ್ರಮವಹಿಸಿ ಕಲೆಹಾಕಿದ.

ನಂತರದ ಶಾಲಾ ವ್ಯಾಕರಣಗಳಲ್ಲಿ ಉಳಿದದ್ದು ಪಟ್ಟಿ ಮಾತ್ರ. ನಮ್ಮಲ್ಲಿ ತಲೆಮಾರುಗಳ ಕೈದಾಟಿ ಬಂದಿರುವ ರೆನ್ ಅಂಡ್ ಮಾರ್ಟಿನ್ ವ್ಯಾಕರಣದಲ್ಲಿ ಯಾವ ಪದದ ಮುಂದೆ ಯಾವ ಪ್ರಿಪೊಸಿಷನ್ ಎಂಬುದಕ್ಕೆ ಉದ್ದನೆಯ ಪಟ್ಟಿಗಳಿವೆ. ಪರೀಕ್ಷೆಗೆ ಅವು ಉಪಯುಕ್ತ. ಆದರೆ ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿದ ಪಟ್ಟಿ ಯಾವ ಪದ ಯಾವುದರ ಬಳಗ ಎಂಬುದನ್ನು ಮರೆಮಾಡುತ್ತದೆ.

ಟೋಕಿಯೊದಿಂದ ಹೊರಟ ನಿಘಂಟು

ದೊಡ್ಡ ತಿರುವು ಸಂಭವಿಸಿದ್ದು ಜಪಾನಿನಲ್ಲಿ. 1922ರಲ್ಲಿ ಅಲ್ಲಿನ ಸರ್ಕಾರದ ಆಹ್ವಾನದ ಮೇಲೆ ಬಂದ ಹೆರಾಲ್ಡ್ ಪಾಮರ್ ಮರುವರ್ಷ ಟೋಕಿಯೊದಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನಾ ಸಂಸ್ಥೆ ಕಟ್ಟಿದರು. ಇಂಗ್ಲಿಷಿನಲ್ಲಿ ಪದಗಳು ಒಂಟಿಯಾಗಿ ಓಡಾಡುವುದಿಲ್ಲ, ಜೊತೆಜೊತೆಯಾಗಿ ಬರುತ್ತವೆ ಎಂಬುದನ್ನು ಮುಂದಿಟ್ಟುಕೊಂಡು 1933ರಲ್ಲಿ ಪದಸಹವಾಸದ ಮೇಲೆ ವಿಸ್ತಾರವಾದ ವರದಿ ಹೊರತಂದರು. ಅವರ ಸಹೋದ್ಯೋಗಿ ಎ. ಎಸ್. ಹಾರ್ನ್‌ಬಿ ಆ ಕೆಲಸವನ್ನು ನಿಘಂಟಾಗಿ ಬೆಳೆಸಿದರು. 1942ರಲ್ಲಿ ಟೋಕಿಯೊದಲ್ಲಿ ಅಚ್ಚಾದ ಆ ನಿಘಂಟಿನಲ್ಲಿ ಕ್ರಿಯಾಪದಗಳಿಗೆ 25 ವಾಕ್ಯವಿನ್ಯಾಸಗಳನ್ನು ಗೊತ್ತುಮಾಡಲಾಗಿತ್ತು. ಅರ್ಥ ಹೇಳುವುದರ ಜೊತೆಗೆ ಆ ಪದವನ್ನು ವಾಕ್ಯದಲ್ಲಿ ಹೇಗೆ ಕೂರಿಸಬೇಕೆಂದೂ ನಿಘಂಟು ಹೇಳತೊಡಗಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮರುಮುದ್ರಿಸಿತು. ಇಂದು ವಿದ್ಯಾರ್ಥಿಗಳ ಮೇಜಿನ ಮೇಲಿರುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಮೂಲ ಇದೇ.

ಮುಂದೆ ಕೋವಿ ಮತ್ತು ಮ್ಯಾಕಿನ್ 1975ರಲ್ಲಿ ಬೆನ್ನಿಗೆ ಪ್ರಿಪೊಸಿಷನ್‌ನಂಥ ಪುಟ್ಟ ಪದ ಸೇರಿದ ಕ್ರಿಯಾಪದಗಳಿಗೆಂದೇ ಒಂದು ಸಂಪುಟ ರೂಪಿಸಿದರು. 1985ರ ಕ್ವರ್ಕ್ ಮತ್ತು ಸಂಗಡಿಗರ ಬೃಹತ್ ವ್ಯಾಕರಣ ಎರಡು ಜಾತಿಗಳನ್ನು ಖಚಿತವಾಗಿ ಬೇರ್ಪಡಿಸಿತು. 'ಕಾಲ್ ಆನ್' ಎಂದರೆ ಭೇಟಿಕೊಡು, 'ಕಾಲ್ ಅಪ್' ಎಂದರೆ ಫೋನ್ ಮಾಡು. ಮೇಲ್ನೋಟಕ್ಕೆ ಎರಡೂ ಒಂದೇ ಬಗೆ. ಸರ್ವನಾಮ ತಂದು ನೋಡಿದರೆ ವ್ಯತ್ಯಾಸ ಹೊರಬೀಳುತ್ತದೆ: 'ಕಾಲ್ ಆನ್ ಹರ್' ಸರಿ, ಆದರೆ ಇನ್ನೊಂದರಲ್ಲಿ 'ಕಾಲ್ ಹರ್ ಅಪ್' ಎಂದೇ ಹೇಳಬೇಕು. ಮೊದಲನೆಯದರಲ್ಲಿ 'ಆನ್' ತನ್ನ ಮುಂದಿನ ನಾಮಪದಕ್ಕೆ ಅಂಟಿದ ನಿಜವಾದ ಪ್ರಿಪೊಸಿಷನ್; ಎರಡನೆಯದರಲ್ಲಿ 'ಅಪ್' ಕ್ರಿಯಾಪದದ್ದೇ ತುಣುಕು, ಜಾಗ ಬದಲಿಸಬಲ್ಲದು.

ಅರ್ಥದ ಬಳಗಗಳು

ಇಷ್ಟಾದರೂ 'ಏಕೆ' ಎಂಬ ಪ್ರಶ್ನೆ ಉಳಿದೇ ಇತ್ತು. ಅದಕ್ಕೆ ಉತ್ತರದ ಎಳೆ ಸಿಕ್ಕಿದ್ದು ಕಂಪ್ಯೂಟರ್‌ನಲ್ಲಿ ಲಕ್ಷಾಂತರ ವಾಕ್ಯಗಳನ್ನು ಒಟ್ಟಿಗೆ ನೋಡಲು ಸಾಧ್ಯವಾದಾಗ. ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ಸಿಂಕ್ಲೇರ್ ನೇತೃತ್ವದಲ್ಲಿ ನಿಜಬಳಕೆಯ ಪಠ್ಯರಾಶಿಯಿಂದ 1987ರಲ್ಲಿ ಕೊಬಿಲ್ಡ್ ನಿಘಂಟು ಹೊರಬಂತು. ಅದೇ ಬಳಗದ ಗಿಲ್ ಫ್ರಾನ್ಸಿಸ್, ಸುಸಾನ್ ಹನ್ಸ್ಟನ್ ಮತ್ತು ಎಲಿಜಬೆತ್ ಮ್ಯಾನಿಂಗ್ 1996ರಲ್ಲಿ ಕ್ರಿಯಾಪದಗಳನ್ನು ವಿನ್ಯಾಸದ ಪ್ರಕಾರ ಗುಂಪು ಮಾಡಿದರು. ಒಂದೇ ಪ್ರಿಪೊಸಿಷನ್ ಹಿಡಿಯುವ ಕ್ರಿಯಾಪದಗಳು ಅರ್ಥದಲ್ಲೂ ನೆಂಟರು ಎಂಬುದು ಆಗ ಕಣ್ಣಿಗೆ ಕಟ್ಟಿತು. ಲುಕ್, ಸ್ಟೇರ್, ಗ್ಲಾನ್ಸ್, ಗೇಜ್ ಎಲ್ಲಕ್ಕೂ 'ಅಟ್'. ವೇಟ್, ಆಸ್ಕ್, ಸರ್ಚ್, ಹೋಪ್, ಲಾಂಗ್, ಬೆಗ್ ಇವಕ್ಕೆ 'ಫಾರ್'. ಎರಡನೆಯ ಗುಂಪಿನಲ್ಲಿ ವಸ್ತು ಇನ್ನೂ ಕೈಗೆ ಬಂದಿಲ್ಲ, ಬರಲೆಂಬ ಬಯಕೆ ಇದೆ.

'ಶೌಟ್ ಟು ಹಿಮ್' ಮತ್ತು 'ಶೌಟ್ ಅಟ್ ಹಿಮ್' ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು ದೂರದಲ್ಲಿರುವವನಿಗೆ ಕೇಳಲೆಂದು ಕೂಗಿದ್ದು. ಅವನು ಮಾತನ್ನು ಪಡೆಯುವವನು. ಎರಡನೆಯದು ಅವನ ಮೇಲೆ ರೇಗಿದ್ದು, ಅವನು ಗುರಿ. ಕನ್ನಡವೂ 'ಅವನಿಗೆ ಕೂಗಿ ಹೇಳಿದ', 'ಅವನ ಮೇಲೆ ಕೂಗಾಡಿದ' ಎಂದು ಇದೇ ಭೇದವನ್ನು ತೋರಿಸುತ್ತದೆ. ಬೆತ್ ಲೆವಿನ್ 1993ರಲ್ಲಿ 3,000ಕ್ಕೂ ಹೆಚ್ಚು ಕ್ರಿಯಾಪದಗಳನ್ನು ಇಂಥ ಬದಲಾವಣೆಗಳ ಆಧಾರದಲ್ಲಿ ವರ್ಗೀಕರಿಸಿದರು. 'ಶಾಟ್ ದ ಬರ್ಡ್' ಎಂದರೆ ಹಕ್ಕಿಗೆ ಗುಂಡು ತಗುಲಿತು. 'ಶಾಟ್ ಅಟ್ ದ ಬರ್ಡ್' ಎಂದರೆ ಹಾರಿಸಿದ್ದು ನಿಜ, ತಗುಲಿತೋ ಇಲ್ಲವೋ ಹೇಳಿಲ್ಲ.

ಅಮೆರಿಕದಲ್ಲಿ ಇದೇ ಹೊತ್ತಿಗೆ ಇನ್ನೊಂದು ಧಾರೆ ಹುಟ್ಟಿತು. ಕ್ಲಾಡಿಯಾ ಬ್ರುಗ್‌ಮನ್ 1981ರಲ್ಲಿ 'ಓವರ್' ಎಂಬ ಒಂದೇ ಪದದ ಮೇಲೆ ಪ್ರಬಂಧ ಬರೆದರು. ಜಾರ್ಜ್ ಲೇಕಾಫ್ 1987ರಲ್ಲಿ ಅದನ್ನು ಮುಂದುವರಿಸಿದರು, ಟೈಲರ್ ಮತ್ತು ಇವಾನ್ಸ್ 2003ರಲ್ಲಿ ಮರುಪರಿಶೀಲಿಸಿದರು. ಪ್ರಿಪೊಸಿಷನ್‌ಗಳ ಅಮೂರ್ತ ಅರ್ಥಗಳು ಜಾಗ, ಚಲನೆಗಳ ಅನುಭವದಿಂದ ಕವಲೊಡೆದವು ಎಂಬುದು ಈ ಧಾರೆಯ ಮುಖ್ಯ ವಾದ. 'ಡಿಪೆಂಡ್ ಆನ್', 'ರಿಲೈ ಆನ್' ಎಂಬಲ್ಲಿ ಆಧಾರದ ಮೇಲೆ ನಿಂತ ಭಾವವಿದೆ. ಎಲ್ಲ ಜೋಡಿಗಳನ್ನೂ ಹೀಗೆ ಬಿಡಿಸಲಾಗದು. ಆದರೂ ಬಾಯಿಪಾಠದ ಹೊರೆ ಬಹಳಷ್ಟು ಇಳಿಯುತ್ತದೆ.

ಭಾರತದ ಅಧ್ಯಾಯ

ಭಾರತೀಯರ ಇಂಗ್ಲಿಷಿನ ಮೇಲೆ ಮೊದಲು ಬಂದ ಬರಹಗಳು ತಪ್ಪುಪಟ್ಟಿಗಳೇ. ಮುಂಬೈ ಪ್ರಾಂತ್ಯದಲ್ಲಿ ಅಧಿಕಾರಿಯಾಗಿದ್ದ ವಿಟ್ವರ್ತ್ 1907ರಲ್ಲಿ ಪ್ರಕಟಿಸಿದ ಪುಸ್ತಕ ಅಂಥದು. 1979ರಲ್ಲಿ ನಿಹಲಾನಿ, ಟಂಗ್ ಮತ್ತು ಹೊಸಾಲಿ ಭಾರತೀಯ ಹಾಗೂ ಬ್ರಿಟಿಷ್ ಬಳಕೆಗಳನ್ನು ಅಕ್ಕಪಕ್ಕದಲ್ಲಿಟ್ಟು ಕೈಪಿಡಿ ತಂದರು. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಎಸ್. ವಿ. ಶಾಸ್ತ್ರಿ 1978ರಲ್ಲಿ ಅಚ್ಚಾದ ಬರಹಗಳಿಂದ ಸುಮಾರು 10 ಲಕ್ಷ ಪದಗಳ ಪಠ್ಯಸಂಚಯ ಕಟ್ಟಿದ ಮೇಲೆ, ಅಳೆದು ನೋಡಿ ಮಾತಾಡುವುದು ಸಾಧ್ಯವಾಯಿತು.

'ಡಿಸ್ಕಸ್ ಅಬೌಟ್' ಕನ್ನಡದ 'ಬಗ್ಗೆ ಚರ್ಚಿಸು' ಎಂಬುದರ ನೆರಳು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ನೈಜೀರಿಯಾ, ಸಿಂಗಪುರಗಳ ಇಂಗ್ಲಿಷಿನಲ್ಲೂ ಇದೇ ಬಳಕೆ ದಾಖಲಾಗಿದೆ. ಅಲ್ಲಿನವರ ಮನೆಮಾತು ಬೇರೆ. ಇಂಗ್ಲಿಷಿನೊಳಗೇ ಅದಕ್ಕೆ ಪ್ರೇರಣೆ ಇದೆ: 'ಟಾಕ್ ಅಬೌಟ್' ಸರಿ, 'ಎ ಡಿಸ್ಕಷನ್ ಅಬೌಟ್' ಸರಿ. ಇವೆರಡನ್ನೂ ಬಲ್ಲ ಕಲಿಯುವವನು ಮೂರನೆಯದನ್ನು ತಾನೇ ಊಹಿಸುತ್ತಾನೆ. 'ಲಿಸನ್ ದ ಸಾಂಗ್' ಮಾತ್ರ 'ಹಾಡು ಕೇಳು' ಎಂಬ ಕನ್ನಡದ ಕ್ರಮವನ್ನೇ ಹೋಲುತ್ತದೆ. ತಪ್ಪುಗಳ ಮೂಲ ಬೇರೆಯಾದರೆ ಪಾಠವೂ ಬೇರೆಯಾಗಬೇಕು.

ಬೆಂಗಳೂರಿನ ಹೆಸರೂ ಈ ಚರಿತ್ರೆಯಲ್ಲಿದೆ. ಪಾಮರ್, ಹಾರ್ನ್‌ಬಿ ಮಾದರಿಯ ವಾಕ್ಯವಿನ್ಯಾಸದ ಪಾಠಕ್ರಮ ನಮ್ಮ ಶಾಲೆಗಳನ್ನು ಆಳುತ್ತಿದ್ದಾಗ ಎನ್. ಎಸ್. ಪ್ರಭು ಅದನ್ನು ಪ್ರಶ್ನಿಸಿದರು. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಬೆಂಗಳೂರು ಯೋಜನೆಯಲ್ಲಿ ಮಕ್ಕಳು ರೈಲು ವೇಳಾಪಟ್ಟಿ, ನಕ್ಷೆಗಳಂಥ ಸಮಸ್ಯೆಗಳನ್ನು ಬಿಡಿಸುತ್ತ ಇಂಗ್ಲಿಷ್ ಬಳಸಿದರು. ಗಮನ ಅರ್ಥದ ಮೇಲಿದ್ದರೆ ವ್ಯಾಕರಣ ಒಳಗೊಳಗೇ ಮೈಗೂಡುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಚಟುವಟಿಕೆ ಆಧಾರಿತ ಬೋಧನೆಯ ಚರ್ಚೆಯಲ್ಲಿ ಅವರ 1987ರ ಪುಸ್ತಕವನ್ನು ಇಂದಿಗೂ ಲೋಕದೆಲ್ಲೆಡೆ ನೆನೆಯುತ್ತಾರೆ.

ಯಂತ್ರಗಳೂ ಮುಂದಿನ ಕೆಲಸವೂ

ಈ ಶತಮಾನದಲ್ಲಿ ಪ್ರಶ್ನೆ ಯಂತ್ರಗಳ ಕೈಗೆ ಬಂದಿತು. ಜೋಯೆಲ್ ಟೆಟ್ರೊ, ಮಾರ್ಟಿನ್ ಚೊಡೊರೊ ಮೊದಲಾದವರು ಕಲಿಯುವವರ ಬರಹದಲ್ಲಿ ಪ್ರಿಪೊಸಿಷನ್ ತಪ್ಪು ಹುಡುಕುವ ತಂತ್ರಾಂಶ ರೂಪಿಸಿದರು. 2012ರಲ್ಲಿ ಸಂಶೋಧಕರ ತಂಡಗಳು ಇದೇ ವಿಷಯದಲ್ಲಿ ಸ್ಪರ್ಧೆಗಿಳಿದವು. ಬಿಟ್ಟುಹೋದದ್ದು, ಹೆಚ್ಚಾದದ್ದು, ಬದಲಾದದ್ದು ಎಂದು ತಪ್ಪುಗಳನ್ನು ಮೂರಾಗಿ ವಿಂಗಡಿಸಿದರು. ಆ ಅಧ್ಯಯನಗಳಲ್ಲಿ ಹೊರಬಿದ್ದ ಒಂದು ಸಂಗತಿ ಕಲಿಯುವವರಿಗೆ ಧೈರ್ಯ ಕೊಡಬೇಕು: ಇಂಗ್ಲಿಷ್ ಮನೆಮಾತಿನವರಿಬ್ಬರಿಗೆ ಒಂದೇ ವಾಕ್ಯ ಕೊಟ್ಟರೂ ಎಷ್ಟೋ ಕಡೆ ಅವರ ಆಯ್ಕೆ ಒಂದೇ ಆಗಿರುವುದಿಲ್ಲ. ಇಂದು ಫೋನಿನಲ್ಲಿರುವ ತಂತ್ರಾಂಶ ಥಟ್ಟನೆ ತಿದ್ದಿಕೊಡುತ್ತದೆ. ತಿದ್ದಿದ್ದೇಕೆ ಎಂದು ತಿಳಿಯದಿದ್ದರೆ ನಾಳೆಯ ವಾಕ್ಯದಲ್ಲಿ ಅದೇ ತಪ್ಪು ಮತ್ತೆ ಬರುತ್ತದೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಷ್ಟು ವರ್ಷಗಳ ಈ ತಿಳಿವಳಿಕೆ ತಲುಪಬೇಕಾದರೆ ಪಾಠಪುಸ್ತಕದ ಪಟ್ಟಿಯ ಕ್ರಮ ಬದಲಾಗಬೇಕು. ಕ್ರಿಯಾಪದಗಳನ್ನು ಅರ್ಥದ ಬಳಗಗಳಲ್ಲಿ ಕೊಟ್ಟು ಪಕ್ಕದಲ್ಲಿ ಕನ್ನಡದ ವಿಭಕ್ತಿಯನ್ನೂ ತೋರಿಸಬೇಕು. ಬಸ್ಸಿಗೆ ಕಾಯುವುದು, ಕೆಲಸಕ್ಕಾಗಿ ಹುಡುಕುವುದು, ಮಳೆಗೆ ಹಂಬಲಿಸುವುದು 'ಫಾರ್' ಬಳಗಕ್ಕೆ ಚೆನ್ನಾಗಿ ಕೂರುತ್ತವೆ. ಹಾಡು ಕೇಳುವುದು, ಚಿತ್ರ ನೋಡುವುದು ಇಂಗ್ಲಿಷಿನ 'ಟು', 'ಅಟ್'ಗಳಿಗೆ ಹಾಗೆ ಕೂರುವುದಿಲ್ಲ. ಅಭ್ಯಾಸ ಹೆಚ್ಚು ಬೇಕಾದದ್ದು ಅಲ್ಲಿ. ನಮ್ಮ ವಿದ್ಯಾರ್ಥಿಗಳು ನಿಜವಾಗಿ ಬರೆದ ಇಂಗ್ಲಿಷ್ ವಾಕ್ಯಗಳನ್ನು ಕಲೆಹಾಕಿ, ಎಲ್ಲಿ ಎಡವುತ್ತಾರೆ ಎಂದು ನೋಡಿ ಇಂಥ ಪುಸ್ತಕ ಬರೆಯುವುದು ನಮ್ಮ ಇಂಗ್ಲಿಷ್ ಅಧ್ಯಾಪಕರಿಂದ ಆಗುವ ಕೆಲಸ. ಪಾಮರ್ ಮತ್ತು ಹಾರ್ನ್‌ಬಿ ಜಪಾನಿನ ತರಗತಿಗಳಿಗಾಗಿ ಮಾಡಿದ್ದು ಇದನ್ನೇ.