ಆವತಿಯ ರಣಭೈರೇಗೌಡನೂ ಆತನ ಮನೆತನವೂ

ಬೆಂಗಳೂರಿನ ದಕ್ಷಿಣಕ್ಕೆ ಇಂದು ಕುಮಾರಸ್ವಾಮಿ ಲೇಔಟ್ ಹಬ್ಬಿರುವ ಪ್ರದೇಶದ ಆಸುಪಾಸಿನಲ್ಲಿ ಸಾರಕ್ಕಿ, ಯಲಚೇನಹಳ್ಳಿ, ಕದಿರೇನಹಳ್ಳಿಗಳು ಬೇಸಾಯದ ಗ್ರಾಮಗಳಾಗಿದ್ದುವು. ಇಂತಹ ಗ್ರಾಮಗಳ ಒಕ್ಕಲು ಮನೆತನಗಳ ಪೂರ್ವಚರಿತ್ರೆಯನ್ನು ಅರಸಹೊರಟವನಿಗೆ ಶಾಸನಗಳಿಂದ ದೊರೆಯುವ ನೆರವು ಅಲ್ಪ. ನೇಗಿಲು ಹಿಡಿದವನ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸಿದವರು ವಿರಳ. ಆದುದರಿಂದ ಐತಿಹ್ಯಗಳನ್ನೇ ಒರೆಗೆ ಹಚ್ಚಬೇಕಾಗುತ್ತದೆ. ಬೆಂಗಳೂರಿನ ನಿರ್ಮಾಪಕ ಹಿರಿಯ ಕೆಂಪೇಗೌಡನ ಮನೆತನವೂ ಮೂಲತಃ ಒಕ್ಕಲು ಕುಟುಂಬವೇ. ಅದರ ಮೂಲಪುರುಷನ ಕಥೆ ಈ ದೃಷ್ಟಿಯಿಂದ ವಿಚಾರಾರ್ಹವಾಗಿದೆ.

ರೈಸ್ ಅವರು ಮೈಸೂರು ಗೆಜೆಟಿಯರಿನಲ್ಲಿ ಸಂಗ್ರಹಿಸಿರುವ ಐತಿಹ್ಯದ ಪ್ರಕಾರ, ಹದಿನಾಲ್ಕನೆಯ ಶತಮಾನದ ಕೊನೆಯ ವೇಳೆಗೆ ಏಳು ಒಕ್ಕಲು ಕುಟುಂಬಗಳು ತಮ್ಮ ಸರಕು ಸಾಮಗ್ರಿಗಳನ್ನು ಬಂಡಿಗಳಲ್ಲಿ ತುಂಬಿಕೊಂಡು ನಂದಿದುರ್ಗದ ಸಮೀಪದ ರಾಮಸ್ವಾಮಿ ಬೆಟ್ಟದ ಬುಡದಲ್ಲಿ ಬೀಡು ಬಿಟ್ಟುವು. ಕಂಚಿಯ ಬಳಿಯ ಆಲೂರಿನಿಂದ ಗುಟ್ಟಾಗಿ ಹೊರಟು ಬಂದವರು ಅವರು. ಅವರ ನಾಯಕ ರಣಭೈರೇಗೌಡ. ಆತನ ಮಗಳು ದೊಡ್ಡಮ್ಮನನ್ನು ಪ್ರಬಲನೊಬ್ಬನು ಬಲಾತ್ಕಾರದಿಂದ ಮದುವೆಯಾಗಬಯಸಿದುದೇ ಈ ಪಲಾಯನಕ್ಕೆ ಕಾರಣ. ಬೆನ್ನಟ್ಟಿದವರು ಸಮೀಪಿಸಿದಾಗ ಪಾಲಾರ್ ನದಿ ಅಡ್ಡವಾಯಿತು. ದೊಡ್ಡಮ್ಮನು ಗಂಗೆಯನ್ನು ಪ್ರಾರ್ಥಿಸಿ ತನ್ನ ಕಿವಿಯ ಆಭರಣವನ್ನು ನೀರಿಗರ್ಪಿಸಲು, ಹೊಳೆಯು ಇಬ್ಭಾಗವಾಗಿ ದಾರಿ ಬಿಟ್ಟಿತಂತೆ.

ಅವರು ನೆಲಸಿದ ಗ್ರಾಮವೇ ಈಗಿನ ದೇವನಹಳ್ಳಿ ತಾಲ್ಲೂಕಿನ ಆವತಿ. ಈ ಮನೆತನದ ಮಲ್ಲಭೈರೇಗೌಡನು ದೇವನಹಳ್ಳಿಯ ಕೋಟೆಯನ್ನು ಕಟ್ಟಿಸಿದನು. ಒಡನೆ ಬಂದವರಲ್ಲಿ ತಿಮ್ಮೇಗೌಡನು ಸುಗಟೂರಿನಲ್ಲಿ ಪ್ರಬಲನಾದನು. ಜಯಗೌಡನು ಯಲಹಂಕ ನಾಡಪ್ರಭುವೆನಿಸಿದನು. ಈ ಜಯಗೌಡನ ಪೀಳಿಗೆಯಲ್ಲಿ ಹುಟ್ಟಿ, 1537ರಲ್ಲಿ ಬೆಂಗಳೂರು ಕೋಟೆಯನ್ನು ಕಟ್ಟಿಸಿದ ಕೆಂಪೇಗೌಡನ ಚರಿತ್ರೆ ಸುವಿದಿತ. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನಿಗೆ ಬೆಂಗಳೂರನ್ನು ಬಿಟ್ಟುಕೊಟ್ಟ ಈ ವಂಶವು ಮಾಗಡಿಗೆ ಸರಿದು, 1728ರಲ್ಲಿ ಮೈಸೂರಿಗೆ ಸೋತಿತು.

ಈ ಐತಿಹ್ಯದಲ್ಲಿ ನಂಬಬಹುದಾದುದೆಷ್ಟು? ರಣಭೈರೇಗೌಡನ ಜನರನ್ನು ಮೊರಸು ಒಕ್ಕಲಿಗರೆಂದು ಕರೆಯುತ್ತಾರೆ. ಮೊರಸುನಾಡೆಂದರೆ ಕೋಲಾರವನ್ನೂ ಬೆಂಗಳೂರಿನ ಪೂರ್ವಭಾಗವನ್ನೂ ಒಳಗೊಂಡ ಸೀಮೆ. ಕಂಚಿಯಿಂದ ಬಂದವರಿಗೆ ಇಲ್ಲಿಯ ನಾಡಿನ ಹೆಸರು ಹೇಗೆ ಅಂಟಿತು? ಕುಲವೆಲ್ಲವೂ ವಲಸೆ ಬಂದಿತೆಂಬುದಕ್ಕಿಂತ, ಹೊರಗಿನಿಂದ ಬಂದ ಕೆಲವು ಕುಟುಂಬಗಳು ಸ್ಥಳೀಯ ಒಕ್ಕಲಿಗರೊಡನೆ ಬೆರೆತು ಮುಂದಾಳುಗಳಾದುವೆಂಬ ಊಹೆಯೇ ನನಗೆ ಹೆಚ್ಚು ಯುಕ್ತವಾಗಿ ತೋರುತ್ತದೆ. ನಾಡಂತೂ ಬರಿದಾಗಿರಲಿಲ್ಲ. ಕುಮಾರಸ್ವಾಮಿ ಲೇಔಟಿಗೆ ದೂರವಲ್ಲದ ಬೇಗೂರಿನ, ಸುಮಾರು ಕ್ರಿ.ಶ. 890ರ ವೀರಗಲ್ಲು ‘ಬೆಂಗಳೂರ’ ಕಾಳಗದಲ್ಲಿ ಮಡಿದವನನ್ನು ಹೆಸರಿಸುತ್ತದೆ. ಬಂಡಿಗಳು ಆವತಿಯನ್ನು ಮುಟ್ಟುವುದಕ್ಕೆ ಐದು ಶತಮಾನಗಳ ಹಿಂದಿನ ಮಾತಿದು.

ಹೊಳೆ ಇಬ್ಭಾಗವಾದುದನ್ನು ಚರಿತ್ರೆಯೆನ್ನಲಾಗದು. ಆದರೆ ಆ ಪ್ರಸಂಗವನ್ನು ಕಟ್ಟುಕಥೆಯೆಂದು ತಳ್ಳಿಹಾಕುವುದೂ ಸಲ್ಲದು. ಭೈರವನನ್ನು ಆರಾಧಿಸುತ್ತಿದ್ದ ಈ ಜನರಲ್ಲಿ ಹಿಂದೆ ಒಂದು ಕಠೋರ ಪದ್ಧತಿಯಿದ್ದಿತು. ಹಿರಿಯ ಮಗಳಿಗೆ ಮದುವೆಗೆ ಮುಂಚೆ ಕಿವಿ ಚುಚ್ಚಿಸುವಾಗ, ತಾಯಿಯು ತನ್ನ ಬಲಗೈಯ ಉಂಗುರದ ಬೆರಳು ಮತ್ತು ಕಿರುಬೆರಳುಗಳ ತುದಿಯನ್ನು ಕತ್ತರಿಸಿಕೊಳ್ಳುತ್ತಿದ್ದಳು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ವಿಲ್ಕ್ಸ್ ಇದನ್ನು ವರ್ಣಿಸಿದ್ದಾನೆ. ಸರ್ಕಾರವು ನಿಷೇಧಿಸಿದ ಮೇಲೆ ಬೆರಳಿಗೆ ಚಿನ್ನವನ್ನು ಸುತ್ತಿ ತೆಗೆಯುವುದು ರೂಢಿಗೆ ಬಂದಿತು. ಕಥೆಯಲ್ಲಿಯೂ ಆಚಾರದಲ್ಲಿಯೂ ಮಗಳ ಕಿವಿ, ಮಗಳ ವಿವಾಹ, ಹೆಣ್ಣು ತೆರುವ ಕಾಣಿಕೆ, ಈ ಮೂರೂ ಒಟ್ಟಿಗೆ ಬರುವುದು ಆಕಸ್ಮಿಕವಿರಲಾರದು. ಆಚಾರದ ನೆನಪೇ ಕಥೆಯಲ್ಲಿ ಹರಿಗೋಲಿಲ್ಲದೆ ಹೊಳೆ ದಾಟಿಸಿರಬಹುದು.

ಕುಟುಂಬವೆಲ್ಲವೂ ಊರು ಬಿಡುವುದಕ್ಕೆ ಕಾರಣಳಾದ ಈ ದೊಡ್ಡಮ್ಮನ ಮುಂದಿನ ಬಾಳನ್ನು ಮಾತ್ರ ರೈಸ್ ಅವರ ಸಂಗ್ರಹವು ಹೇಳುವುದಿಲ್ಲ. ಹೊಳೆಯ ಈಚೆಯ ದಡಕ್ಕೆ ಬಂದೊಡನೆ ವಂಶಾವಳಿಯು ಗೌಡರ ಹೆಸರುಗಳನ್ನು ಎಣಿಸತೊಡಗುತ್ತದೆ.