ಸೋತ ಬಾಕ್ಸರ್ ಮತ್ತೆ ಎದ್ದು ನಿಲ್ಲಬಹುದೇ? ಜಾರ್ಜ್ ಫೋರ್‌ಮನ್ ಅವರ 20 ವರ್ಷಗಳ ಕಥೆ

ತಾಲ್ಲೂಕು ಕ್ರೀಡಾಕೂಟವಿರಲಿ, ಜಾತ್ರೆಯ ಕುಸ್ತಿಯಿರಲಿ, ನಾವು ವರದಿಗಾರರು ಗೆದ್ದವರ ಹೆಸರು ಬರೆದುಕೊಂಡು, ಹಾರ ಹಾಕಿಸಿಕೊಂಡ ಫೋಟೊ ಕಳಿಸಿದರೆ ಕೆಲಸ ಮುಗಿಯಿತು. ಸೋತವನು ಯಾವ ಬಸ್ಸು ಹತ್ತಿ ಊರಿಗೆ ಹೋದ, ಮರುದಿನ ಏನು ಮಾಡಿದ ಎಂದು ಕೇಳುವುದೇ ಇಲ್ಲ. ಎಷ್ಟೋ ಸಲ ದೊಡ್ಡ ಕಥೆ ಅವನದೇ ಆಗಿರುತ್ತದೆ. ಇವತ್ತು ಹಾಗೆ ಸೋತ ಒಬ್ಬರ ಕಥೆ ಹೇಳುತ್ತೇವೆ.

ಜಾರ್ಜ್ ಫೋರ್‌ಮನ್ ಹುಟ್ಟಿದ್ದು 1949ರಲ್ಲಿ, ಅಮೆರಿಕದ ಟೆಕ್ಸಾಸ್‌ನಲ್ಲಿ. ಬಡ ಕಪ್ಪು ಕುಟುಂಬ. ಹರೆಯದಲ್ಲಿ ಬೀದಿ ಜಗಳ ಮಾಡಿಕೊಂಡಿದ್ದ ಹುಡುಗನಿಗೆ, ಬಡ ಯುವಕರಿಗಾಗಿ ಸರ್ಕಾರ ನಡೆಸುತ್ತಿದ್ದ ತರಬೇತಿ ಯೋಜನೆಯಲ್ಲಿ ಬಾಕ್ಸಿಂಗ್ ಸಿಕ್ಕಿತು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. 1973ರಲ್ಲಿ ವಿಶ್ವ ಹೆವಿವೇಟ್ ಚಾಂಪಿಯನ್ ಜೋ ಫ್ರೇಜಿಯರ್ ಅವರನ್ನು ಎರಡೇ ಸುತ್ತಿನಲ್ಲಿ 6 ಸಲ ಕೆಡವಿ ಪಟ್ಟ ಕಿತ್ತುಕೊಂಡರು. ಆಡಿದ 40 ಪಂದ್ಯಗಳಲ್ಲಿ 40 ಗೆಲುವು. ಇವರನ್ನು ಸೋಲಿಸುವವರು ಯಾರೂ ಇಲ್ಲ ಎಂದೇ ಹೆಚ್ಚಿನವರು ನಂಬಿದ್ದರು.

1974ರ ಅಕ್ಟೋಬರ್ 30. ಆಫ್ರಿಕಾದ ಜೈರ್ ದೇಶದ, ಅಂದರೆ ಇಂದಿನ ಕಾಂಗೊದ, ಕಿನ್ಶಾಸಾ ನಗರ. ಎದುರಿಗೆ 32 ವರ್ಷದ ಮುಹಮ್ಮದ್ ಅಲಿ. ಫೋರ್‌ಮನ್‌ಗೆ 25. ಅಲಿ ಹಗ್ಗಕ್ಕೆ ಒರಗಿ, ಮುಖಕ್ಕೆ ಕೈ ಅಡ್ಡ ಹಿಡಿದು ಏಟು ತಿನ್ನುತ್ತಾ ನಿಂತುಬಿಟ್ಟರು. ಹೊಡೆದು ಹೊಡೆದು ಫೋರ್‌ಮನ್ ಅವರ ಕೈಯೇ ಸೋತಿತು. 8ನೇ ಸುತ್ತಿನಲ್ಲಿ ಅಲಿ ತಿರುಗಿ ಬಿದ್ದರು. ಫೋರ್‌ಮನ್ ನೆಲಕ್ಕುರುಳಿದರು. ಜಗತ್ತು ನೋಡುತ್ತಿತ್ತು.

ಆಮೇಲಿನದು ನಮಗೆಲ್ಲ ಗೊತ್ತಿರುವ ದಾರಿ. ಸೋತವರು ಮೊದಲು ಹುಡುಕುವುದು ಕಾರಣ. ಹಗ್ಗ ಸಡಿಲವಾಗಿತ್ತು, ನೀರಿಗೆ ಏನೋ ಬೆರೆಸಿದ್ದರು, ರೆಫರಿ ಬೇಗ ಎಣಿಸಿದರು ಎಂದು ಫೋರ್‌ಮನ್ ವರ್ಷಗಟ್ಟಲೆ ದೂರಿದರು. 1975ರಲ್ಲಿ ಟೊರೊಂಟೊದಲ್ಲಿ ಒಂದೇ ರಾತ್ರಿ ಐವರ ಜೊತೆ ಪ್ರದರ್ಶನ ಪಂದ್ಯ ಆಡಿದರು. ಜನ ಮೆಚ್ಚಲಿಲ್ಲ, ಕೂಗಿ ಗೇಲಿ ಮಾಡಿದರು. 1976ರಲ್ಲಿ ಫ್ರೇಜಿಯರ್ ಅವರನ್ನು ಮತ್ತೊಮ್ಮೆ ಸೋಲಿಸಿದರೂ ಅಲಿ ಜೊತೆ ಇನ್ನೊಂದು ಪಂದ್ಯ ಕೂಡಿಬರಲಿಲ್ಲ. 1977ರಲ್ಲಿ ಜಿಮ್ಮಿ ಯಂಗ್ ಎದುರು ಸೋತು, ಸೆಖೆಗೆ ಬಳಲಿ ಡ್ರೆಸಿಂಗ್ ರೂಮಿಗೆ ಹೋದಾಗ ಸಾವು ಕಣ್ಣ ಮುಂದೆ ಬಂದಂತಾಯಿತು, ದೇವರು ಕಂಡ ಎಂದು ಅವರೇ ಹೇಳಿಕೊಂಡಿದ್ದಾರೆ. 28ರ ವಯಸ್ಸಿಗೆ ಬಾಕ್ಸಿಂಗ್ ಬಿಟ್ಟರು.

ಹತ್ತು ವರ್ಷ ಕೈಗೆ ಗ್ಲೌಸ್ ಹಾಕಲಿಲ್ಲ. ಹ್ಯೂಸ್ಟನ್‌ನಲ್ಲಿ ಪಾದ್ರಿಯಾದರು. ದಾರಿ ತಪ್ಪುತ್ತಿದ್ದ ಹುಡುಗರಿಗಾಗಿ 1984ರಲ್ಲಿ ಯುವಕೇಂದ್ರ ತೆರೆದರು. ಅದನ್ನು ನಡೆಸಲು ದುಡ್ಡು ಸಾಲಲಿಲ್ಲ. ಗೊತ್ತಿದ್ದ ಕಸುಬು ಒಂದೇ. 1987ರಲ್ಲಿ, 38ನೇ ವಯಸ್ಸಿನಲ್ಲಿ, ಸುಮಾರು 120 ಕಿಲೊ ತೂಕ ಹೊತ್ತು ಮತ್ತೆ ರಿಂಗ್ ಹತ್ತಿದರು. ಪತ್ರಿಕೆಯವರು ಹೊಟ್ಟೆ ನೋಡಿ ನಕ್ಕರು. ಅವರೂ ಜೊತೆಗೆ ನಕ್ಕರು. ಇದು ಹಳೆಯ ಸಿಡುಕು ಮೋರೆಯ ಫೋರ್‌ಮನ್ ಆಗಿರಲಿಲ್ಲ.

ಆಟವೂ ಬದಲಾಗಿತ್ತು. ಮೊದಲು ಒಂದೆರಡು ಸುತ್ತಿನಲ್ಲೇ ಮುಗಿಸುವ ಅವಸರ. ಈಗ ಎಡಗೈಯಿಂದ ನಿಧಾನವಾಗಿ ಕುಟ್ಟುತ್ತಾ ಕಾಯುವ ತಾಳ್ಮೆ. ಚಿಕ್ಕಪುಟ್ಟ ಎದುರಾಳಿಗಳಿಂದ ಶುರುಮಾಡಿ ಮೆಟ್ಟಿಲು ಮೆಟ್ಟಿಲಾಗಿ ಏರಿದರು. 1991ರಲ್ಲಿ ಚಾಂಪಿಯನ್ ಇವಾಂಡರ್ ಹೋಲಿಫೀಲ್ಡ್ ಎದುರು 12 ಸುತ್ತೂ ನಿಂತು ಅಂಕದಲ್ಲಿ ಸೋತರು. 42 ವರ್ಷದವರು ಹಾಗೆ ನಿಂತದ್ದನ್ನು ನೋಡಿದವರು ನಗುವುದನ್ನು ನಿಲ್ಲಿಸಿದರು.

1994ರ ನವೆಂಬರ್ 5, ಲಾಸ್ ವೇಗಸ್. ಎದುರಿಗೆ 26 ವರ್ಷದ ಚಾಂಪಿಯನ್ ಮೈಕಲ್ ಮೂರರ್. ಫೋರ್‌ಮನ್‌ಗೆ 45. ಉಟ್ಟಿದ್ದು ಕಿನ್ಶಾಸಾದಲ್ಲಿ ಸೋತ ದಿನ ಉಟ್ಟಿದ್ದ ಅದೇ ಕೆಂಪು ಚಡ್ಡಿ. ಮೂಲೆಯಲ್ಲಿ ನಿಂತಿದ್ದವರಲ್ಲಿ ಏಂಜಲೋ ಡಂಡಿ ಒಬ್ಬರು. 1974ರಲ್ಲಿ ಅಲಿಯ ಮೂಲೆಯಲ್ಲಿದ್ದವರೂ ಅವರೇ! 9 ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ಫೋರ್‌ಮನ್ ಹಿಂದಿದ್ದರು. 10ನೇ ಸುತ್ತಿನಲ್ಲಿ ಬಲಗೈಯ ಒಂದು ಏಟು. ಮೂರರ್ ಮಲಗಿದರು. ಫೋರ್‌ಮನ್ ಮೂಲೆಗೆ ಹೋಗಿ ಮಂಡಿಯೂರಿ ಪ್ರಾರ್ಥಿಸಿದರು. ಕಿನ್ಶಾಸಾ ಕಳೆದು 20 ವರ್ಷ 6 ದಿನವಾಗಿತ್ತು. ಹೆವಿವೇಟ್ ಪಟ್ಟ ಗೆದ್ದ ಅತಿ ಹಿರಿಯರೆಂಬ ದಾಖಲೆ ಅವರದಾಯಿತು.

ಹಾಗಾದರೆ ಸೋತವರೆಲ್ಲ ಮತ್ತೆ ರಿಂಗ್ ಹತ್ತಬೇಕೇ? ಹಾಗೆ ಹೇಳಲು ನಮಗೆ ಧೈರ್ಯವಿಲ್ಲ. ಅಂದು ಗೆದ್ದ ಅಲಿಯನ್ನೇ ನೋಡಿ. ನಿಲ್ಲಿಸಬೇಕಾದಾಗ ನಿಲ್ಲಿಸದೆ 1981ರವರೆಗೆ ಆಡಿದರು. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಇದೆಯೆಂದು ವೈದ್ಯರು ಹೇಳಿದರು. ತಲೆಗೆ ಬಿದ್ದ ಏಟುಗಳೂ ಅದಕ್ಕೆ ಕಾರಣ ಎಂದು ನಂಬುವವರು ಬಹಳ. ಬಾಕ್ಸಿಂಗ್‌ನಲ್ಲಿ ಛಲಕ್ಕೂ ಬೆಲೆ ತೆರಬೇಕಾಗುತ್ತದೆ.

ಫೋರ್‌ಮನ್ ಕಥೆಯಿಂದ ನಮಗೆ ತಿಳಿದದ್ದು ಇಷ್ಟು: ಸೋಲಿಗೆ ನೆಪ ಹುಡುಕುತ್ತಿದ್ದಾಗ ಅವರಿಗೆ ಪಟ್ಟ ಮರಳಿ ಬರಲಿಲ್ಲ. ಸೋತೆ ಎಂದು ಒಪ್ಪಿಕೊಂಡರು, ಅಲಿಗೆ ಆಪ್ತ ಗೆಳೆಯರಾದರು, ಬೇರೆ ಬದುಕು ಕಟ್ಟಿಕೊಂಡರು. ಗೆಲ್ಲಲೇಬೇಕೆಂಬ ಹಟಕ್ಕಿಂತ ದೊಡ್ಡ ಕೆಲಸವೊಂದು ಕೈಯಲ್ಲಿತ್ತು. ಆಮೇಲೆ ಗೆದ್ದರು. 2025ರ ಮಾರ್ಚ್‌ನಲ್ಲಿ, 76ರ ವಯಸ್ಸಿನಲ್ಲಿ ತೀರಿಕೊಂಡರು.

ಮುಂದಿನ ಜಾತ್ರೆಯ ಕುಸ್ತಿಗೆ ಹೋದಾಗ ನಾವು ಗೆದ್ದವರ ಫೋಟೊ ತೆಗೆಯುತ್ತೇವೆ. ಸೋತವರ ಫೋನ್ ನಂಬರನ್ನೂ ಬರೆದುಕೊಂಡು ಬರುತ್ತೇವೆ.