ಕಾಡಿಗೆ ಹತ್ತು, ಕಡಲಿಗೆ ಇಪ್ಪತ್ತು

ಅಕ್ಕನ ಬಾಣಂತನಕ್ಕೆ ಅಮ್ಮ ಅಮೆರಿಕಕ್ಕೆ ಹೊರಟಿದ್ದಳು. ವೀಸಾ ಆಯಿತು, ಟಿಕೆಟ್ ಆಯಿತು, ಸೂಟ್‌ಕೇಸಿನ ಅರ್ಧ ಜಾಗಕ್ಕೆ ಲೇಹ್ಯವೂ ಉಪ್ಪಿನಕಾಯಿಯೂ ಬಂದು ಕೂತವು. ಉಳಿದದ್ದು ಟ್ರಾವೆಲ್ ಇನ್ಶೂರೆನ್ಸ್ ಒಂದೇ. ನಿಟ್ಟೂರಿನ ಮನೆಯ ಜಗಲಿಯಲ್ಲಿ, ಸಿಗ್ನಲ್ ಸಿಗುವ ಒಂದೇ ಒಂದು ಮೂಲೆಯಲ್ಲಿ ಕೂತು ಮೊಬೈಲಿನಲ್ಲಿ ಫಾರ್ಮ್ ತುಂಬುತ್ತಿದ್ದೆ. ಆರು ತಿಂಗಳ ಪ್ರೀಮಿಯಂ ಎಷ್ಟು ಅಂತ ಕೇಳಿದ ಅಪ್ಪ, ಅದನ್ನು ಮನಸ್ಸಿನಲ್ಲೇ ಅಡಿಕೆ ಲೆಕ್ಕಕ್ಕೆ ತಂದು, "ಅರ್ಧ ಕ್ವಿಂಟಲ್ ಮೇಲಾಯ್ತಲ್ಲೋ" ಅಂದರು. "ಏನೂ ಆಗದೆ ವಾಪಸ್ ಬಂದ್ರೆ ದುಡ್ಡು ತಿರುಗಿ ಕೊಡ್ತಾರಾ?"

ಇಲ್ಲ ಅಂದೆ.

"ಮತ್ತೆ ಎಂತಕ್ಕೆ?"

ನಗಬೇಡಿ. ವಿಯೆಟ್ನಾಮಿಗೋ ಬಾಲಿಗೋ ಟಿಕೆಟ್ ಬುಕ್ ಮಾಡುವಾಗ ಇನ್ಶೂರೆನ್ಸ್ ಬೇಕಾ ಅನ್ನುವ ಡಬ್ಬಿಯ ಟಿಕ್ ತೆಗೆಯುವಾಗ ನಾವೂ ಇದನ್ನೇ ಕೇಳಿಕೊಂಡಿರುತ್ತೇವೆ. ಯುರೋಪಿಗೆ ಹೋಗುವವರಿಗೆ ಈ ತಲೆನೋವಿಲ್ಲ. ಷೆಂಗೆನ್ ವೀಸಾಕ್ಕೆ 2004ರಿಂದ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಅಮೆರಿಕದ ಪ್ರವಾಸಿ ವೀಸಾಕ್ಕೆ ಅಂಥ ಷರತ್ತಿಲ್ಲ. ಅಲ್ಲಿನ ಆಸ್ಪತ್ರೆ ತುರ್ತು ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ, ಅದಕ್ಕೆ 1986ರ ಕಾನೂನೇ ಇದೆ. ಬಿಲ್ ಮಾತ್ರ ಆಮೇಲೆ ಬರುತ್ತದೆ. ಹಾಗಾಗಿ ತೀರ್ಮಾನ ನಮ್ಮ ಜಗಲಿಗೆ ಬಂತು.

ಅಪ್ಪನ ಪ್ರಶ್ನೆ ಒಂಬೈನೂರು ವರ್ಷದ ಹಿಂದೆಯೂ ಇತ್ತು, ಅದಕ್ಕೆ ಉತ್ತರ ಬರೆದವನೂ ನಮ್ಮ ಕಡೆಯವನೇ. ಚಾಲುಕ್ಯರ ಆರನೇ ವಿಕ್ರಮಾದಿತ್ಯ ಕಲ್ಯಾಣದಿಂದ ಆಳುತ್ತಿದ್ದಾಗ (1076–1126) ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಆಸ್ತಿ ಪಾಲಿನ ಜಗಳಗಳಿಂದಾಗಿ ವಕೀಲರಿಗೆಲ್ಲ ಗೊತ್ತಿರುವ ಪುಸ್ತಕ. ಆದರೆ ಅದರಲ್ಲಿ ಸಾಲದ ಬಡ್ಡಿಯ ವಿಚಾರವೂ ಇದೆ. ಅಡವು ಇಟ್ಟು ಸಾಲ ಪಡೆದರೆ ತಿಂಗಳಿಗೆ ನೂರಕ್ಕೆ ಒಂದೂಕಾಲು. ಅದೇ ಸಾಲ ತೆಗೆದುಕೊಂಡು ಕಾಂತಾರದೊಳಗೆ ವ್ಯಾಪಾರಕ್ಕೆ ಹೋಗುವವನಿಗೆ ಹತ್ತು. ಸಮುದ್ರ ದಾಟುವವನಿಗೆ ಇಪ್ಪತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಕಾಡಿಗೆ ಹತ್ತು, ಕಡಲಿಗೆ ಇಪ್ಪತ್ತೇ. (ಕಾಂತಾರ ಅಂದರೆ ದಟ್ಟ ಕಾಡು ಅಂತ ಈಗ ಬೆಂಗಳೂರಿಗೂ ಗೊತ್ತು, ಸಿನಿಮಾಕ್ಕೆ ಥ್ಯಾಂಕ್ಸ್.) ಯಾಕಿಷ್ಟು ಹೆಚ್ಚು ಅನ್ನುವುದಕ್ಕೆ ವಿಜ್ಞಾನೇಶ್ವರ ಕೊಡುವ ಕಾರಣ ಇದು: ಅಂಥ ಜಾಗಕ್ಕೆ ಹೋದವನ ಜೀವಕ್ಕೂ ದುಡ್ಡಿಗೂ ಅಪಾಯ, ಬಡ್ಡಿ ಹೋಗಲಿ, ಕೊಟ್ಟ ಅಸಲೇ ಮುಳುಗಬಹುದು.

ಅಂದರೆ ಆ ಎಂಟು ಪಟ್ಟು ಬಡ್ಡಿಯಲ್ಲಿ ಮುಕ್ಕಾಲು ಪಾಲು ಬಡ್ಡಿಯೇ ಅಲ್ಲ, ಅಪಾಯದ ಬೆಲೆ. ಕ್ಷೇಮವಾಗಿ ವಾಪಸ್ ಬಂದ ಹತ್ತು ವ್ಯಾಪಾರಿಗಳು ಕೊಟ್ಟದ್ದರಲ್ಲಿ, ಬಾರದೇ ಹೋದ ಒಬ್ಬನ ನಷ್ಟ ತುಂಬಬೇಕು. ಬಂದವನು ಹೆಚ್ಚುವರಿ ಬಡ್ಡಿ ತಿರುಗಿ ಕೊಡಿ ಅಂದರೆ ಸಾಹುಕಾರ ನಗುತ್ತಿದ್ದ.

ಇದನ್ನೇ ಅಪ್ಪನಿಗೆ ಹೇಳಿದೆ. ಅವರು ಒಪ್ಪಲಿಲ್ಲ. ಆಮೇಲೆ ಅವರದೇ ಜೇಬಿನ ಉದಾಹರಣೆ ಸಿಕ್ಕಿತು. ಕೆಎಸ್‌ಆರ್‌ಟಿಸಿ ಬಸ್ಸಿನ ಟಿಕೆಟ್ ದರದಲ್ಲಿ ಒಂದೆರಡು ರೂಪಾಯಿ ಅಪಘಾತ ಪರಿಹಾರ ನಿಧಿಗೆ ಹೋಗುತ್ತದೆ. ಅಪಘಾತದಲ್ಲಿ ಸತ್ತ ಪ್ರಯಾಣಿಕರ ಕುಟುಂಬಕ್ಕೆ ಕೊಡುವ ಮೊತ್ತ 2024ರ ಜನವರಿಯಿಂದ 3 ಲಕ್ಷ ಇದ್ದದ್ದು 10 ಲಕ್ಷ ಆಗಿದೆ. ಬೆಂಗಳೂರಿಗೆ ಬಂದಾಗಲೆಲ್ಲ ಅಪ್ಪ ಪ್ರಯಾಣದ ವಿಮೆ ಕೊಂಡೇ ಬಂದಿದ್ದಾರೆ. ಅದನ್ನು ತಿರುಗಿ ಕೊಡಿ ಅಂತ ಕಂಡಕ್ಟರ್ ಹತ್ತಿರ ಯಾವತ್ತೂ ಕೇಳಿಲ್ಲ. "ಅದು ಎರಡು ರೂಪಾಯಿ ಮಾರಾಯ" ಅಂದರು. ಅದೂ ಸರಿಯೇ.

ಫಾರ್ಮಿನಲ್ಲಿ ಮುಂದಿನ ಪ್ರಶ್ನೆ: ಮೊದಲಿನಿಂದ ಇರುವ ಕಾಯಿಲೆ ಏನಾದರೂ? ಹೌದು, ಇಲ್ಲ. ಅಮ್ಮನಿಗೆ ಎಂಟು ವರ್ಷದಿಂದ ಶುಗರ್, ಜೊತೆಗೆ ಬಿಪಿ. ಅಡಿಕೆ ಸುಲಿಯುವುದು ನೋಡಲು ಬಂದಿದ್ದ ಚಿಕ್ಕಪ್ಪ ಕೂಡಲೇ, "ಇಲ್ಲ ಅಂತ ಒತ್ತು. ಹೌದು ಅಂದ್ರೆ ರೇಟು ಏರಿಸ್ತಾರೆ. ಅಲ್ಲಿ ಯಾರು ನೋಡ್ತಾರೆ?" ಅಂದರು. ಬೆರಳು ಅಲ್ಲೇ ನಿಂತಿತು. ಸುಳ್ಳು ಹೇಳುವುದು ಸುಲಭವೇ ಇತ್ತು.

ಈ ಪ್ರಶ್ನೆಯ ಹಿಂದೆ ಕಾಳುಮೆಣಸಿನ ಒಂದು ಕೋಟೆ ಇದೆ. 1763ರಲ್ಲಿ ಹೈದರಾಲಿ ನಮ್ಮ ಪಕ್ಕದ ಬಿದನೂರನ್ನು, ಅಂದರೆ ಇವತ್ತಿನ ನಗರವನ್ನು, ರಾಣಿ ವೀರಮ್ಮಾಜಿಯಿಂದ ಕಿತ್ತುಕೊಂಡ. ಘಟ್ಟದ ಮೆಣಸಿನ ವ್ಯಾಪಾರದಿಂದ ಕೊಬ್ಬಿದ್ದ ಊರು ಲೂಟಿಯಾಯಿತು, ನಷ್ಟ ಊರವರ ತಲೆ ಮೇಲೇ ಬಿತ್ತು. ಅದಕ್ಕೆ ಮೂರು ವರ್ಷ ಮೊದಲು, ಸುಮಾತ್ರಾದ ಬೆಂಕೂಲೆನ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿ ಮೆಣಸಿಗಾಗಿಯೇ ಇಟ್ಟುಕೊಂಡಿದ್ದ ಫೋರ್ಟ್ ಮಾರ್ಲ್‌ಬರೊ ಕೋಟೆ ಫ್ರೆಂಚರ ಪಾಲಾಗಿತ್ತು. ಆದರೆ ಅಲ್ಲಿನ ಗವರ್ನರ್ ಪರವಾಗಿ ಲಂಡನ್ನಿನಲ್ಲಿ ವಿಮೆ ಮಾಡಿಸಲಾಗಿತ್ತು. ಕೋಟೆ ಶತ್ರುಗಳ ಕೈಗೆ ಹೋದರೆ ಪರಿಹಾರ! ವಿಮೆ ಕೊಟ್ಟ ಬೋಮ್ ಎಂಬವನು ಹಣ ಕೊಡಲಿಲ್ಲ. ಕೋಟೆ ದುರ್ಬಲ ಎಂಬುದನ್ನೂ ಫ್ರೆಂಚರು ಬರಬಹುದೆಂಬ ಸುದ್ದಿಯನ್ನೂ ಮುಚ್ಚಿಟ್ಟಿದ್ದರು ಎಂದ.

1766ರಲ್ಲಿ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಕೊಟ್ಟ ತೀರ್ಪೇ ಇವತ್ತಿನ ವಿಮೆ ಕಾನೂನಿನ ಬೇರು. ಅಪಾಯದ ಬೆಲೆ ಕಟ್ಟುವವನಿಗೆ ಗೊತ್ತಾಗಲು ಸಾಧ್ಯವೇ ಇಲ್ಲದ, ಕೊಳ್ಳುವವನಿಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಮುಚ್ಚಿಟ್ಟರೆ ಒಪ್ಪಂದ ನಿಲ್ಲುವುದಿಲ್ಲ. ಆದರೆ ಮೊಕದ್ದಮೆ ಗೆದ್ದವರು ಗವರ್ನರ್ ಕಡೆಯವರು. ಯುದ್ಧ ನಡೆಯುತ್ತಿದೆ ಅಂತ ಲಂಡನ್ನಿನಲ್ಲಿ ಕೂತವನಿಗೂ ಗೊತ್ತಿತ್ತು, ಕೇಳಬಹುದಾದದ್ದನ್ನು ಕೇಳದೆ ಪ್ರೀಮಿಯಂ ತೆಗೆದುಕೊಂಡವನು ಆಮೇಲೆ ದೂರುವಂತಿಲ್ಲ. ಅದಾದ ಮೇಲೆ ಕಂಪನಿಗಳು ಬುದ್ಧಿ ಕಲಿತವು ಅಂತ ಕಾಣುತ್ತದೆ, ಎಲ್ಲವನ್ನೂ ಕೇಳುತ್ತವೆ. ಕೇಳಿದ ಮೇಲೆ 'ಇಲ್ಲ' ಅಂತ ಒತ್ತಿದರೆ, ಕ್ಲೇಮ್ ಬಂದ ದಿನ ಅವರು ಅಮ್ಮನ ಹಳೇ ಚೀಟಿಗಳನ್ನೆಲ್ಲ ತರಿಸುತ್ತಾರೆ. ಅರ್ಧ ಕ್ವಿಂಟಲ್ ಅಡಿಕೆ ಕೊಟ್ಟು ಬರೀ ಕಾಗದ ಕೊಂಡ ಹಾಗೆ.

'ಹೌದು' ಒತ್ತಿದೆ. ರೇಟು ಏರಿತು, ಚಿಕ್ಕಪ್ಪ ಎದ್ದು ಹೋದರು. ಅದೂ ಸಾಲದೆ ಒಳಗಿನ ಸಣ್ಣಕ್ಷರ ಓದಿದರೆ, ಶುಗರ್‌ಗೆ ಸಂಬಂಧಿಸಿದ್ದಕ್ಕೆಲ್ಲ ದುಡ್ಡಿಲ್ಲ. ಜೀವಕ್ಕೇ ಕುತ್ತು ಬಂದರೆ ಮಾತ್ರ, ಅದೂ ಒಂದು ಮಿತಿಯವರೆಗೆ. ಮಾಮೂಲಿ ಮಾತ್ರೆ, ಚೆಕಪ್ ನಮ್ಮದೇ. ಅಗ್ಗದ ಪಾಲಿಸಿಗಳಲ್ಲಿ ಒಂದೊಂದು ಚಿಕಿತ್ಸೆಗೂ ಇಷ್ಟೇ ಅಂತ ಪಟ್ಟಿ ಇರುತ್ತದೆ, ಆಸ್ಪತ್ರೆ ಎಷ್ಟೇ ಬಿಲ್ ಮಾಡಲಿ. ಅದನ್ನು ಬಿಟ್ಟು, ಮೊದಲ ಒಂದಿಷ್ಟು ಖರ್ಚು ನಾವು ಹಾಕಿ ಉಳಿದದ್ದನ್ನು ಅವರು ಭರಿಸುವಂಥದ್ದನ್ನು ಆರಿಸಿದೆ.

ಒಂದು ಸಾಲನ್ನು ಮಾತ್ರ ಬೇಗ ಬೇಗ ದಾಟಿಸಿದೆ. ಮೃತದೇಹವನ್ನು ತಾಯ್ನಾಡಿಗೆ ಕಳಿಸುವ ಖರ್ಚು. ನೆನಪಾದವನು ಪಿಯೆತ್ರೊ ದೆಲ್ಲಾ ವಾಲೆ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರ, ಗೇರುಸೊಪ್ಪೆ ದಾಟಿ, ಘಟ್ಟ ಹತ್ತಿ, ಸಾಗರದ ಮೇಲೆ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನ ನೋಡಿದ ಇಟಲಿಯವನು. ಕೆಳದಿಯ ಇತಿಹಾಸ ಬರೆಯುವವರೆಲ್ಲ ಅವನ ಪತ್ರಗಳನ್ನು ಓದುತ್ತಾರೆ. ಬಾಗ್ದಾದಿನಲ್ಲಿ ಮದುವೆಯಾಗಿದ್ದ ಅವನ ಹೆಂಡತಿ ಮಾನಿ 1621ರ ಕೊನೆಯಲ್ಲಿ ಪರ್ಷಿಯಾದಲ್ಲಿ ತೀರಿಕೊಂಡಿದ್ದಳು. ದೇಹ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಹಡಗಿನವರಿಗೆ ತಿಳಿಯದಂತೆ ಸಾಮಾನಿನ ನಡುವೆ ಅಡಗಿಸಿ, ಅವನು ಅದನ್ನು ಹೊತ್ತುಕೊಂಡೇ ತಿರುಗಿದ. ರೋಮ್ ಮುಟ್ಟಿದ್ದು 1626ರಲ್ಲಿ.

"ಅದೆಂತ ಓದದೇ ಬಿಟ್ಟೆ?" ಅಂದಳು ಅಮ್ಮ. ಓದಿದೆ.

"ಅದು ಇರಲಿ. ನಿನ್ನ ಅಕ್ಕ ಹಸಿ ಬಾಣಂತಿ, ಅಂಥಾ ಹೊತ್ತಲ್ಲಿ ಅವಳು ಎಲ್ಲಿ ಅಂತ ಓಡಾಡ್ತಾಳೆ?" ಅಂದು, ಲೇಹ್ಯದ ಡಬ್ಬಿಗೆ ಇನ್ನೊಂದು ಸುತ್ತು ಪ್ಲಾಸ್ಟಿಕ್ ಸುತ್ತತೊಡಗಿದಳು.

ಅಪ್ಪ ಒಳಗೆ ಹೋಗಿ ತಮ್ಮ ಕಾರ್ಡ್ ತಂದು ಕೊಟ್ಟರು.